ಎರಡು ವೇಗದ ಗೆಲಾಕ್ಸಿ

ಎಂಬತ್ತರ ದಶಕದ ಮೊದಲಲ್ಲಿ ನಾನು ಗದಗಿನಿಂದ ಬಂದು ಆರ್.ಟಿ. ನಗರದ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಜಾಲಹಳ್ಳಿಯಲ್ಲಿ ಅಕ್ಕ-ಭಾವನ ಕ್ವಾರ್ಟರ್ಸಿನಲ್ಲಿ ವಾಸ. ಒಂದು ಬೆಳಿಗ್ಗೆ, ನನಗಿಂತ ಹತ್ತು ವರ್ಷ ದೊಡ್ಡವರಾದ ಹೆಂಗಸೊಬ್ಬರು ಕೈಬರಹದ ದಪ್ಪ ಕಟ್ಟೊಂದನ್ನು ತಂದಿಟ್ಟರು. ಪಿಎಚ್.ಡಿ. ಪ್ರಬಂಧ. ಇಡೀ ಪ್ರಬಂಧ ಒಂದೇ ಒಂದು ಸುರುಳಿ ಗೆಲಾಕ್ಸಿಯ ಮೇಲೆ.

ಇಂಗ್ಲಿಷ್ ಅಕ್ಷರಗಳು ನನ್ನ ಬೆರಳಿಗೆ ಗೊತ್ತಿದ್ದವು; ಅರ್ಥ ಅರ್ಧಂಬರ್ಧ. ಅದು ನಮ್ಮಿಂದ ದೂರ ಸರಿಯುತ್ತಿದೆ ಎಂಬಷ್ಟು ತಿಳಿಯಿತು. ಮೂರನೆಯ ಅಧ್ಯಾಯದಲ್ಲಿ ಮಾತ್ರ ಒಂದೇ ಗೆಲಾಕ್ಸಿಗೆ ಎರಡು ವೇಗ ಬರೆದಿದ್ದರು, ಎಡ ಅಂಚಿಗೆ ಒಂದು, ಬಲ ಅಂಚಿಗೆ ಇನ್ನೊಂದು. ಅವಸರದಲ್ಲಿ ತಪ್ಪಿದ್ದಾರೆ ಎಂದುಕೊಂಡು, ಉಪಕಾರ ಮಾಡುವವಳಂತೆ ಎಲ್ಲ ಕಡೆ ಒಂದೇ ಅಂಕಿ ಟೈಪ್ ಹೊಡೆದೆ. ಅಡಿಯಲ್ಲಿ ಮೂರು ಕಾರ್ಬನ್ ಪ್ರತಿ ಬೇರೆ.

ಮರುದಿನ ಹಾಳೆಗಳನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು.

"ಅಲ್ರೀ ಮೇಡಂ, ಒಂದ ಗೆಲಾಕ್ಸಿಗೆ ಎರಡು ವೇಗ ಹೆಂಗ ಇರ್ತಾವ್ರಿ?"

ಅವರು ಬೈಯಲಿಲ್ಲ. ರಿಬ್ಬನ್ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲಿಟ್ಟು, ತಿರುಗಿಸುತ್ತಲೇ ಮುಂದಕ್ಕೆ ತಳ್ಳಿದರು. "ನೋಡಮ್ಮ, ಹೋಗ್ತಾ ಹೋಗ್ತಾ ತಿರುಗ್ತಿದೆ. ಒಂದು ಅಂಚು ನಮ್ಮ ಕಡೆಗೆ ತಿರುಗುತ್ತೆ, ಇನ್ನೊಂದು ಆ ಕಡೆಗೆ. ಅದಕ್ಕೇ ಎರಡು ಅಂಕಿ."

"ಈಗೂ ತಿರುಗಾಕತ್ತೈತೇನ್ರಿ?"

"ಈಗ ಅಂದ್ರೆ ಹೇಳೋದು ಕಷ್ಟ. ನಾವು ನೋಡ್ತಿರೋ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ಮನುಷ್ಯರೇ ಇರ್ಲಿಲ್ಲ."

ಆ ಭಾನುವಾರ ಅಂಗಡಿಯ ಬೀಗ ತೆಗೆಸಿ ಇಡೀ ಅಧ್ಯಾಯವನ್ನು ಮತ್ತೆ ಹೊಡೆದೆ. ತಲೆ ಮಾತ್ರ ಗೋಜಲಾಗಿತ್ತು. ಮನೆಯಲ್ಲಿ ಹೇಳಿದರೆ, ಕಾರ್ಖಾನೆಯಲ್ಲಿ ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಯಂತ್ರ ನಡೆಸುತ್ತಿದ್ದ ಭಾವ ಊಟ ನಿಲ್ಲಿಸಿ ಕೇಳಿದರು: "ತಿರುಗೋದು ಖರೇ. ಅಂಚಿನ ನಕ್ಷತ್ರ ಸಿಡಿದು ಹೋಗದಂಗ ಹಿಡದದ್ದು ಯಾವುದು?"

ಸೋಮವಾರ ಭಾವನ ಆ ಪ್ರಶ್ನೆಯನ್ನು ಮೇಡಂ ಮುಂದಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ನಿಮ್ಮ ಭಾವ ಸರಿಯಾಗೇ ಕೇಳಿದಾರೆ. ನಡುವಿಂದ ದೂರ ಹೋದ ಹಾಗೆಲ್ಲ ನಕ್ಷತ್ರ ನಿಧಾನ ಆಗ್ಬೇಕು. ಇಲ್ಲಿ ಆಗ್ತಿಲ್ಲ. ಅಷ್ಟು ವೇಗದ ಅಂಚನ್ನ ಹಿಡಿದಿಡೋಕೆ ಕಾಣಿಸೋ ನಕ್ಷತ್ರಗಳ ತೂಕ ಸಾಲಲ್ಲ. ಕಾಣದೇ ಇರೋದು ಏನೋ ಇರ್ಬೇಕು."

"ಏನ್ರಿ ಅದು?"

"ಗೊತ್ತಿಲ್ಲ ಕಣಮ್ಮ."

ಇಷ್ಟು ಓದಿದವರು, ಇಷ್ಟು ವರ್ಷ ಅದನ್ನೇ ನೋಡಿದವರು, ಇಷ್ಟು ಸಲೀಸಾಗಿ ಗೊತ್ತಿಲ್ಲ ಅನ್ನುತ್ತಾರಲ್ಲ. ಕೊನೆಯ ಹಾಳೆಯಲ್ಲೂ ಅದೇ ಮಾತಿತ್ತು: ಕಾರಣ ತಿಳಿದಿಲ್ಲ. ಅದನ್ನು ಹೊಡೆಯುವ ಮುನ್ನ ಎರಡು ಸಲ ಕೇಳಿದೆ. ಹಾಗೆ ಬರೆದರೆ ಯಾರು ಡಿಗ್ರಿ ಕೊಡುತ್ತಾರೆ ಎಂಬ ಭಯ ನನಗೆ.

"ಹಾಗೇ ಹೊಡೀಮ್ಮ," ಎಂದರು.

ಡಿಗ್ರಿ ಬಂತು. ಮುಂದಿನ ವರ್ಷ ಅವರು ಪೇಡೆ ಹಿಡಿದುಕೊಂಡು ಅಂಗಡಿಗೆ ಬಂದರು, ಜೊತೆಗೆ ಆ ಗೆಲಾಕ್ಸಿಯ ಕಪ್ಪು-ಬಿಳುಪಿನ ಒಂದು ಫೋಟೋ. ಫೋಟೋವನ್ನು ಮನೆಗೆ ಒಯ್ದು ಭಾವನ ಕೈಗೆ ಕೊಟ್ಟೆ. ಅವರು ಅದನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹಿಡಿದು ಬಹಳ ಹೊತ್ತು ನೋಡಿದರು. ಮೇಲೆ ಯಾವುದು, ಕೆಳಗೆ ಯಾವುದು ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.