ಇಲಿಯಾಸಣ್ಣನ ಒಲೆ

ಜಗಳೂರಿನಿಂದ ಹೊನ್ನಾಳಿಯವರೆಗೆ ಯಾರ ಮನೆಯ ಮದುವೆಯಾದರೂ ಬಿರಿಯಾನಿಗೆ ಇಲಿಯಾಸಣ್ಣನೇ ಬರಬೇಕು; ಬಂದವನು ಒಲೆ ಹಚ್ಚುವ ಮೊದಲು ಮಾಂಸದ ಚೀಲಗಳನ್ನೆಲ್ಲ ಬಿಚ್ಚಿಸಿ ನೋಡಲೇಬೇಕು. ಚೀಲ ಹಿಡಿದವನ ನಡಿಗೆಯಿಂದಲೇ ಒಳಗಿರುವುದು ಕುರಿಯೋ ಕಾಡಿನ ಮೊಲವೋ ಎಂದು ಹೇಳಿಬಿಡುತ್ತಾನೆಂದು ಊರವರ ನಂಬಿಕೆ. ಮೊಲವೆಂದು ಗೊತ್ತಾದರೆ ಮುಗಿಯಿತು, ಮಾರುದ್ದದ ಸೌಟನ್ನು ಹೆಗಲಿಗೇರಿಸಿ ಮೊಪೆಡ್ ಹತ್ತುತ್ತಾನೆ. ‘ನನ್ನ ಒಲೆ ಮ್ಯಾಲೆ ಕಾಡು ಬೇಯಂಗಿಲ್ಲ. ಬೇಕಾದ್ರೆ ನೆಂಟ್ರಿಗೆ ಉಪ್ಪಿಟ್ಟು ಹಾಕ್ರಿ!’ ದೊಡ್ಡವರು ಗದರಿಸಿದರೂ ಅಷ್ಟೇ, ಸ್ವಂತ ಮಾವ ಕೈ ಮುಗಿದರೂ ಅಷ್ಟೇ. ಹಾಗೆ ಬಿಟ್ಟುಬಂದ ದಿನ ಮಗಳು ಗೌಸಿಯಾಳ ಪಕ್ಕ ಕುಳಿತು, ಹೆಂಡತಿ ಮಜೀದಾ ಮಾಡಿದ ತಿಳಿಸಾರನ್ನೇ ಬಿರಿಯಾನಿಗಿಂತ ಹೆಚ್ಚು ಹೊಗಳುತ್ತ ಉಣ್ಣುತ್ತಾನೆ. ಅಂಥವನು ಒಮ್ಮೆ ಮಾತ್ರ ಇಕ್ಕಟ್ಟಿಗೆ ಸಿಕ್ಕಿದ. ಗೌಸಿಯಾಳ ಮದುವೆಯ ದಿನ ಗಂಡಿನ ಚಿಕ್ಕಪ್ಪ ಬಲೆ ಹಾಕಿ ಹಿಡಿದ ಕಾಡಿನ ಗೌಜಲಹಕ್ಕಿಗಳನ್ನು ಬುಟ್ಟಿ ತುಂಬ ತಂದು ಒಲೆಯ ಮುಂದಿಟ್ಟು, ‘ಹೆಣ್ಣು ಕೊಡೋರು ಇವತ್ತು ಹೆಂಗೆ ಒಲ್ಲೆ ಅಂತೀರಿ, ನೋಡಾಣ’ ಎಂದ. ಇಲಿಯಾಸಣ್ಣ ಮಗಳ ಕೋಣೆಯ ಕಡೆ ನೋಡಿದ; ಸೌಟು ಹೆಗಲಿಗೇರಲಿಲ್ಲ. ಅಷ್ಟರಲ್ಲಿ ಗೌಸಿಯಾಳೇ ಹೊರಬಂದು ಮೆಹಂದಿಯ ಕೈಯಿಂದ ಬುಟ್ಟಿಯ ಮುಚ್ಚಳ ತೆಗೆದಳು. ಹಕ್ಕಿಗಳು ಬುರ್ರೆಂದು ಬೇಲಿಯಾಚೆ ಹಾರಿದವು. ಅವಳು ಯಾರ ಮುಖವನ್ನೂ ನೋಡದೆ ಅಪ್ಪನಿಗೆ ಹೇಳಿದಳು: ‘ಅಬ್ಬಾ, ಈಗ ಒಲೆ ಹಚ್ರಿ.’