ಕಾಸದೆ ಕೊಟ್ಟ ವಾಶರ್

ನಾನು ಬಿ.ಎ. ಪಾಸಾಗುವುದು ಆಗದ ಮಾತು ಎಂದವನು ನನ್ನ ಸೋದರಮಾವ ಭೀಮಣ್ಣ. ತನ್ನ ಕೈ ಸೋತಿದೆ ಎಂದು ಅವನೇ ನಂಬುವಂತೆ ಮಾಡಿದವಳು ನಾನು.

ದೇವದುರ್ಗದ ಕಡೆಯ ನಮ್ಮೂರಿನಿಂದ ಓದಲೆಂದು ಬಂದು ಮಾನ್ವಿಯಲ್ಲಿ ಮಾವನ ಮನೆಯಲ್ಲಿದ್ದೆ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೂ ಇರಲಿಲ್ಲ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಮಾವನ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಕೆಲಸ.

ಮೊದಲ ವರ್ಷದ ಕೊನೆಯ ಪರೀಕ್ಷೆಯ ಹಿಂದಿನ ದಿನ ಈರಣ್ಣನ ಹಳೆಯ ಪಿಕಪ್ ಬಂತು. ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುವ ಗಾಡಿ. ಡೀಸೆಲ್ ಪಂಪ್ ಸವೆದು, ಏರು ಬಂದರೆ ದಮ್ಮು ಕಟ್ಟುತ್ತಿತ್ತು. ಮಾವ ಹಳೆಯದನ್ನು ಬಿಚ್ಚಿ ಬೇರೆ ಪಂಪ್ ಕೂಡಿಸುತ್ತಿದ್ದ. ಪರೀಕ್ಷೆಯ ಕೇಂದ್ರ ರಾಯಚೂರು; ನನಗೆ ಸಂಜೆ ಐದರ ಬಸ್ಸು ಹಿಡಿಯುವ ಆತುರ.

"ಏನ್ ಭೀಮಣ್ಣ, ನಿಮ್ಮ ಸೊಸಿ ಬಿ.ಎ. ಆಗ್ತಾಳಂತಲ್ಲ?" ಎಂದ ಈರಣ್ಣ.

"ಆಗದ ಮಾತು ಬಿಡೋ! ಇಕಿ ಪೇಪರ್ ತುಂಬ ಗ್ರೀಸಿನ ಬೆರಳ ಮೂಡ್ತಾವ. ಮಾಸ್ತರ್ರು ನೋಡಿ ಸರ್ವಿಸಿಂಗಿಗೆ ಕಳಸ್ತಾರ!"

ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಪೈಪು ಕೂಡುವಲ್ಲಿ ತಾಮ್ರದ ವಾಶರ್ ಇರುತ್ತವೆ. ಹೊಸವು ಸಿಗದಿದ್ದರೆ ಹಳೆಯವನ್ನೇ ಕೆಂಪಗೆ ಕಾಸಿ ನೀರಿಗೆ ಹಾಕಿ, ಕರಕು ಉಜ್ಜಿ ಹಾಕುವುದು ಮಾವನ ರೂಢಿ. ಕಾಸಿದರೆ ತಾಮ್ರ ಮೆತ್ತಗಾಗಿ ಸಂದಿಗೆ ಬಿಗಿಯಾಗಿ ಕೂರುತ್ತದೆ. ಇಲ್ಲದಿದ್ದರೆ ಸಂದಿನಲ್ಲಿ ಗಾಳಿ ಎಳೆದು ಎಂಜಿನ್ ನಿಂತುಹೋಗುತ್ತದೆ. ಇದು ನನಗೆ ಗೊತ್ತಿತ್ತು — ಚೆನ್ನಾಗಿಯೇ ಗೊತ್ತಿತ್ತು.

ನಾನು ಒಲೆ ಹಚ್ಚಲಿಲ್ಲ. ಕಾಸಿದಂತೆ ಕಾಣಲಿ ಎಂದು ಪಾಲಿಶ್ ಪೇಪರಿನಿಂದ ತಿಕ್ಕಿ ಮಾವನ ಅಂಗೈಗೆ ಸುರಿದೆ.

"ಕಾಸಿಯೇನವ್ವಾ?"

"ಹೂಂ ಮಾವಾ, ಕಾಸೀನಿ."

ಅವನು ಇನ್ನೊಂದು ಮಾತು ಕೇಳಲಿಲ್ಲ. ಅವನ ನಂಬಿಕೆ ಅಂಥದ್ದು.

ಮರುದಿನ ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕಣ್ಣಿಗೇ ಬೀಳಲಿಲ್ಲ. ಈಗ ಗಾಡಿ ಹೊರಟಿರಬಹುದು — ಹಿಂದೆ ಎಷ್ಟು ಮಂದಿ ನಿಂತಿದ್ದಾರೋ — ಕಾಲುವೆಯ ಸೇತುವೆ ಬಂದಿರಬಹುದು — ಬರೆದೆ. ಹೇಗೆ ಬರೆದೆನೋ...

ಗಾಡಿ ನಿಂತದ್ದು ಸೇತುವೆಯ ಮೇಲೆಯೇ. ಹಿಂದಿನಿಂದ ಬಂದ ಲಾರಿ ಒಂದು ಮೊಳ ದೂರದಲ್ಲಿ ಬ್ರೇಕು ಹಾಕಿತಂತೆ. ಯಾರಿಗೂ ಏನೂ ಆಗಲಿಲ್ಲ. ಆಗಲಿಲ್ಲ ಎಂಬುದರಲ್ಲಿ ನನ್ನ ಪುಣ್ಯವೇನೂ ಇಲ್ಲ.

ನಾನು ವಾಪಸು ಬಂದಾಗ ಈರಣ್ಣ ಗ್ಯಾರೇಜಿನ ಮುಂದೆ ನಿಂತು ಕೂಗಾಡುತ್ತಿದ್ದ: "ಹನ್ನೆರಡು ಹೆಣ್ಮಕ್ಳ ಜೀವ ಹೋಗ್ತಿತ್ತಲೇ!" ಮಾವ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ವಾಶರ್ ಕಾಸಿ ಹಾಕಿದ್ದ ಅದಾವ. ಬಿಗಿ ಮಾಡಿದ್ದು ನಾನ. ಕೈಯಾಗಿನ ಅಂದಾಜು ಹೋಗ್ಯಾದ... ಇನ್ನ ಪಂಪಿಗೆ ಕೈ ಹಚ್ಚೂದಿಲ್ಲ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಹೇಳಿದರೆ — ಓದು ಬಿಡಿಸಿ ಊರಿಗೆ ಕಳಿಸುತ್ತಾನೆ ಎಂಬ ಭಯ. ಆ ನಗುವಿನ ಮೇಲಿನ ಸಿಟ್ಟೂ ಇತ್ತು, ಸುಳ್ಳು ಹೇಳುವುದಿಲ್ಲ. ಸುಮ್ಮನಾದೆ.

ಅಂದಿನಿಂದ ಮಾವ ಪಂಕ್ಚರ್ ತಿದ್ದಿದ, ಆಯಿಲ್ ಬದಲಿಸಿದ. ಪಂಪಿನ ಗಾಡಿ ಬಂದರೆ "ರಾಯಚೂರಿಗೆ ಒಯ್ರಿ" ಎನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಎರಡು ವರ್ಷ.

ಪದವಿಯ ಸರ್ಟಿಫಿಕೇಟು ಕೈಗೆ ಬಂದ ದಿನ ರಾಯಚೂರಿನಿಂದ ಬರುವ ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ. ಗ್ಯಾರೇಜಿನಲ್ಲಿ ಮಾವ ಒಬ್ಬನೇ ಇದ್ದ.

"ಮಾವಾ, ಈರಣ್ಣನ ಗಾಡಿ ವಾಶರ್ ನಾ ಕಾಸಿದ್ದಿಲ್ಲ. ಸುಳ್ಳು ಹೇಳಿದ್ದೆ."

ಬೈಯಲಿ ಎಂದು ಕಾದೆ. ಸರ್ಟಿಫಿಕೇಟನ್ನು ಮುಂದೆ ಹಿಡಿದೆ. ಅವನು ಅರಿವೆಯಿಂದ ಬೆರಳು ಬೆರಳು ಒರೆಸಿಕೊಂಡು ತೆಗೆದುಕೊಂಡ. ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ, ನನ್ನ ಕಡೆ ನೋಡದೆಯೇ ಅಂದ:

"ಎರಡು ವರ್ಷ ಆತವ್ವಾ... ನಿಮ್ಮತ್ತಿ ಚಾ ಕೊಟ್ರ ಸೈತ, ಎಲ್ಲಿ ಬಿಟ್ಟಗಿಟ್ಟೇನೋ ಅಂತ ಎರಡೂ ಕೈಲೆ ಹಿಡದು ಕುಡದೀನಿ."