ಕಣ್ಣಿನ ಕೆಂಪು ಮುಚ್ಚಳ

ಶಿಗ್ಗಾಂವಿಯ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಮರುದಿನ ನರ್ಸ್ ಬಂದು ಪಟ್ಟಿ ಬಿಚ್ಚಿದಳು. ಹಣೆಗೆ ಹತ್ತಿದ್ದ ಅಂಟು ಹೋಗಲೆಂದು ಅರಳೆಯಲ್ಲಿ ಸ್ಪಿರಿಟ್ಟು ಅದ್ದಿ ಒರೆಸಿದಳು. ಹಾಗಾಗಿ ನನಗೆ ಮೊದಲು ಬಂದದ್ದು ಬೆಳಕಲ್ಲ, ವಾಸನೆ. ಮೂಗನ್ನು ಒಳಗಿನಿಂದ ಒಣಗಿಸುವ ಆ ತಣ್ಣನೆಯ ವಾಸನೆಯಲ್ಲೇ ನನ್ನ ನೌಕರಿಯ ಬಹುಪಾಲು ಕಳೆದಿದೆ. ಒಂದು ಕಣ್ಣಿನ ಮುಚ್ಚಳ ತೆಗೆದಾಗ ಇನ್ನೊಂದು ಕಣ್ಣಿನ ಮುಚ್ಚಳ ನೆನಪಾಯಿತು ಎಂದರೆ ನೀವು ಅನುಮಾನ ಪಡುತ್ತೀರಿ. ಇಷ್ಟು ಚೆನ್ನಾಗಿ ಹೊಂದಿ ಬರುವ ನೆನಪನ್ನು ನಾನೂ ನಂಬುವವನಲ್ಲ. ಬೇಕಾದರೆ ಪೊರೆಯ ಬದಲು ಮೊಣಕಾಲು ನೋವು ಎಂದು ಬರೆಯಬಹುದಿತ್ತು. ಆದರೆ ಮೊಣಕಾಲಿಗೆ ಯಾರೂ ಪಟ್ಟಿ ಕಟ್ಟಿ ಕತ್ತಲೆ ಮಾಡುವುದಿಲ್ಲ. ಇರಲಿ, ನಡೆದದ್ದು ಹಾಗೇ ಇರಲಿ.

ಹೊರಗೆ ಬೆಂಚಿನ ಮೇಲೆ ಮೌಲಾಸಾಬ ಕೂತಿದ್ದ. ಬೆಳಗಿನ ಬಸ್ಸಿಗೆ ಸವಣೂರಿನಿಂದ ಬಂದಿದ್ದ. ನನ್ನನ್ನು ನೋಡಿ ಎದ್ದು ನಿಂತು, "ಬೆಂಡಿಗೇರಿ ಸಾಹೇಬ್ರ, ಈಗರ ನಾ ಕಾಣತೇನೇನ್ರಿ?" ಅಂದ. ಕಾಣುತ್ತಿದ್ದ. ಅವನ ಗಡ್ಡ ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನನ್ನ ಊರು ಹಿರೇಬೆಂಡಿಗೇರಿ, ಅವನದು ಸವಣೂರು. ಆದರೆ ನಾವು ಪರಿಚಯವಾದದ್ದು ಇಲ್ಲಿಂದ ಬಹಳ ದೂರ, ಸಮುದ್ರದ ದಂಡೆಯ ಉಡಾವಣಾ ಕೇಂದ್ರದಲ್ಲಿ. ಇಬ್ಬರೂ ಉಪಗ್ರಹಗಳನ್ನು ರಾಕೆಟ್ಟಿಗೆ ಏರಿಸುವ ಮುನ್ನ ಸಿದ್ಧಪಡಿಸುವ ತಂಡದವರು. ಅಲ್ಲಿ ಒಂದು ಕೂದಲೂ ಬೀಳಬಾರದಂಥ ಕೋಣೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಬಾಯಿಗೆ ಮುಸುಕು, ಕೈಗೆ ಕೈಗವಸು, ಬೂಟಿನ ಮೇಲೆ ಮೊಣಕಾಲು ಮುಟ್ಟುವ ಬಟ್ಟೆಯ ಚೀಲ. ಬಟ್ಟೆಯ ಮೇಲೆ ಯಾರ ಹೆಸರೂ ಇಲ್ಲ. ಪಾಳಿ ಮುಗಿದ ಮೇಲೆ ಎಲ್ಲವೂ ಒಗೆಯಲು ಹೋಗುತ್ತವೆ, ಮರುದಿನ ಅಳತೆ ನೋಡಿ ಕೈಗೆ ಸಿಕ್ಕದ್ದು ತೊಡಬೇಕು. ನಮ್ಮಿಬ್ಬರ ಅಳತೆ ಒಂದೇ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ಉಡಾವಣೆ ಅಂದರೆ ನೀವು ಬೆಂಕಿ, ಹೊಗೆ, ಚಪ್ಪಾಳೆ ನೋಡಿರುತ್ತೀರಿ. ನನಗೆ ನೆನಪಿರುವುದು ಸೊಂಟ ನೋವು. ಸ್ಪಿರಿಟ್ಟಿನಲ್ಲಿ ಒರೆಸಿದ್ದನ್ನೇ ಒರೆಸುವುದು, ಬಿಗಿದ ತಿರುಪನ್ನೇ ಮತ್ತೆ ಬಿಗಿಯಾಗಿದೆಯೇ ಎಂದು ನೋಡುವುದು, ಮಳೆ ಮೋಡ ಬಂತೆಂದು ಕಾಯುವುದು, ಕಾದದ್ದಕ್ಕೆ ಮತ್ತೆ ಮೊದಲಿನಿಂದ ಪರೀಕ್ಷೆ. ಆ ಸಲದ ಉಪಗ್ರಹಗಳು ಸೈನ್ಯಕ್ಕೆ ಸೇರಿದವು. ಮೂರು ಇದ್ದವು. ಮೇಲಿನಿಂದ ಭೂಮಿಯನ್ನು ಕಾಯುವ ಕಣ್ಣುಗಳು. ಅವು ಏನನ್ನು ನೋಡುತ್ತವೆ ಎಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಯಾವಾಗ ಹಾರುತ್ತದೆ, ಏನು ಹಾರುತ್ತದೆ ಎಂದು ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಮನೆಯವರಿಗೆ ಒಂದೇ ಉತ್ತರ, ಡ್ಯೂಟಿ ಐತಿ.

ಉಪಗ್ರಹದ ಸೂಕ್ಷ್ಮ ಭಾಗಗಳಿಗೆಲ್ಲ ಕೆಂಪು ಮುಚ್ಚಳಗಳು ಇರುತ್ತವೆ. ಕೆಂಪು ಏಕೆಂದರೆ ಮರೆಯಬಾರದು. ಕಟ್ಟಕಡೆಗೆ ಅವನ್ನು ತೆಗೆದು ಗೋಡೆಯ ಹಲಗೆಗೆ ತೂಗುಹಾಕುತ್ತೇವೆ, ಒಂದೊಂದು ಮುಚ್ಚಳಕ್ಕೆ ಒಂದೊಂದು ಕೊಕ್ಕೆ. ಆಮೇಲೆ ಉಪಗ್ರಹಗಳ ಸುತ್ತ ರಾಕೆಟ್ಟಿನ ತಲೆಯ ಕವಚ ಮುಚ್ಚುತ್ತದೆ. ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಕವಚ ಮುಚ್ಚುವ ಮುನ್ನ ಕೊನೆಗೆ ಉಪಗ್ರಹ ಮುಟ್ಟಿದ ಕೈಗಳು, ಅದು ಹಾರುವವರೆಗೆ ಕೇಂದ್ರ ಬಿಡಬಾರದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಯಾರೂ ಮುರಿದಿರಲಿಲ್ಲ.

ಮೌಲಾಸಾಬನ ಮಗಳು ಶಾಹಿನ್‌ಳ ನಿಕಾಹ್ ಉಡಾವಣೆ ಮುಗಿದು ಬೇಕಾದಷ್ಟು ದಿನ ಬಿಟ್ಟು ಗೊತ್ತಾಗಿತ್ತು. ಗಂಡಿನವರು ಹಾನಗಲ್ಲಿನವರು. ಅವನ ರಜೆ ಮಂಜೂರಾಗಿತ್ತು. ಸವಣೂರಿನ ಮನೆಯಲ್ಲಿ ಅವನಿಗೆಂದು ಹೊಲಿಸಿದ ಶೇರವಾನಿ ತೂಗಾಡುತ್ತಿದೆ ಎಂದು ಊಟದ ಹೊತ್ತಿಗೆಲ್ಲ ಹೇಳುತ್ತಿದ್ದ. ಮೋಡದ ಕಾಟದಿಂದ ಉಡಾವಣೆ ಅಷ್ಟಷ್ಟೇ ಮುಂದೆ ಹೋಯಿತು. ಆದರೂ ಮದುವೆಗೆ ಮುಟ್ಟಬಹುದಿತ್ತು.

ಕವಚ ಮುಚ್ಚಿದ ಮೇಲೆ ಯಾರೋ ಹಲಗೆ ನೋಡಿದರು. ಒಂದು ಕೊಕ್ಕೆ ಖಾಲಿ. ನಡುವಿನ ಉಪಗ್ರಹದ ಕ್ಯಾಮೆರಾದ್ದು.

ಮುಚ್ಚಳ ಕೋಣೆಯಲ್ಲೆಲ್ಲೂ ಸಿಗಲಿಲ್ಲ. ಅದು ಕ್ಯಾಮೆರಾದ ಮೇಲೇ ಉಳಿದಿದ್ದರೆ ಉಪಗ್ರಹ ಕುರುಡಾಗಿ ಮೇಲೆ ಹೋಗುತ್ತದೆ. ನಮ್ಮ ಮುಖ್ಯಸ್ಥರು ನಮ್ಮಿಬ್ಬರನ್ನೂ ನಿಲ್ಲಿಸಿ, ತೆಗೆದವರು ಯಾರು ಎಂದು ಕೇಳಿದರು. ನಾನು ಎಂದೆ. ಅದೇ ಉಸಿರಿನಲ್ಲಿ ಮೌಲಾಸಾಬನೂ ನಾನು ಎಂದ.

ಇಬ್ಬರೂ ಸುಳ್ಳು ಹೇಳಲಿಲ್ಲ. ಮುಚ್ಚಳ ತಿರುಗುವಾಗ ಒಮ್ಮೆ ಬಿಗಿಯಾಗಿ ಆಮೇಲೆ ಸಡಿಲಾದದ್ದು ನನ್ನ ಹೆಬ್ಬೆರಳಿಗೆ ಇವತ್ತಿಗೂ ಗೊತ್ತು. ಅವನೂ ಅದನ್ನೇ ಹೇಳಿದ, ಮೊದಲು ಬಿಗಿ, ಆಮೇಲೆ ಸಡಿಲು. ಒಬ್ಬನೇ ಹೇಳಿದ್ದರೆ ನಂಬುತ್ತಿದ್ದರು. ಇಬ್ಬರು ಹೇಳಿದ್ದರಿಂದ ಒಬ್ಬನನ್ನೂ ನಂಬುವ ಹಾಗಿರಲಿಲ್ಲ. ಒಬ್ಬರು ಮಾತು ಹಿಂದೆ ತೆಗೆದುಕೊಂಡರೆ ಇನ್ನೊಬ್ಬರ ಮಾತು ನಿಲ್ಲುತ್ತದೆ, ಕವಚ ಬಿಚ್ಚುವುದು ಬೇಡ, ಎಂದರು ಮುಖ್ಯಸ್ಥರು. ಬಿಚ್ಚಿದರೆ ಮದುವೆ ತಪ್ಪುತ್ತದೆ ಎಂದು ಅವರಿಗೂ ಗೊತ್ತಿತ್ತು.

ನಾನು ಮಾತು ಹಿಂದೆ ತೆಗೆದುಕೊಳ್ಳಲು ಬಾಯಿ ತೆರೆದಿದ್ದೆ. ಇಲ್ಲ, ಈ ವಾಕ್ಯ ನನಗೆ ತೀರ ಅನುಕೂಲವಾಗಿದೆ. ತೆರೆದಿದ್ದೆ ಎಂದು ಈಗ ಅನ್ನಿಸುತ್ತದೆ, ಅಷ್ಟೇ. ಖಚಿತವಾಗಿ ನೆನಪಿರುವುದು ಮೌಲಾಸಾಬ ಮುಸುಕಿನ ಹಿಂದಿನಿಂದ ಹೇಳಿದ್ದು.

"ಬಿಚ್ಚರಿ ಸರ್."

ಆಮೇಲೆ ದನಿ ತಗ್ಗಿಸಿ, ನನಗೊಬ್ಬನಿಗೇ ಅಂದ: "ಅದು ಕುರುಡಾಗಿ ಹೋತಂದ್ರ ಮಗಳ ಮದವಿ ನೆನಪಾದಾಗೊಮ್ಮೆ ನನಗ ಅದ ನೆನಪಾಗತೈತಿ. ಅಂಥಾ ಮದವಿ ಬ್ಯಾಡ."

ಬಿಚ್ಚಿದೆವು. ಮುಚ್ಚಳ ಇರಲಿಲ್ಲ. ಕ್ಯಾಮೆರಾದ ಕಣ್ಣು ತೆರೆದುಕೊಂಡು, ಒರೆಸಿದಂತೆ ಸ್ವಚ್ಛವಾಗಿ, ನಮ್ಮನ್ನೇ ನೋಡುತ್ತಿತ್ತು. ಬಿಚ್ಚಿದ್ದಕ್ಕೆ ಎಲ್ಲ ಪರೀಕ್ಷೆಗಳೂ ಮೊದಲಿನಿಂದ. ನಿಕಾಹ್‌ನ ದಿನ ನಾವು ಕವಚದ ಬಳಿ ಎದುರುಬದುರು ನಿಂತು ಅದೇ ತಿರುಪುಗಳನ್ನು ಮತ್ತೆ ಬಿಗಿಯುತ್ತಿದ್ದೆವು. ಒಂದು ಹೊತ್ತಿನಲ್ಲಿ ಅವನ ಕೈ ನಿಂತಿತು. ಕಣ್ಣು ನನ್ನ ಕಡೆಗೇ ಇತ್ತು, ನೋಡುತ್ತಿದ್ದದ್ದು ನನ್ನನ್ನಲ್ಲ. "ಈಗ ಕಬೂಲ್ ಅಂದಿರ್ತಾಳ," ಅಂದ. ಅದೆಷ್ಟು ಹೊತ್ತು ಹಾಗೆ ನಿಂತಿದ್ದನೋ, ನಾನು ಕರೆಯಲಿಲ್ಲ.

ಹಾನಗಲ್ಲಿನ ಬೀಗರಿಗೆ ಯಾವ ಕಾರಣವನ್ನೂ ಹೇಳುವ ಹಾಗಿರಲಿಲ್ಲ. ಹೆತ್ತ ಮಗಳ ಮದುವೆಗೆ ಬಾರದ ಡ್ಯೂಟಿ ಎಂಥದ್ದು ಎಂದು ಅವರು ಕೇಳಿದ್ದು ಸಹಜ. ಸಮುದ್ರದ ದಂಡಿಗೆ ಇನ್ನೊಂದು ಸಂಸಾರ ಹೂಡಿರಬೇಕು ಎಂಬಲ್ಲಿಗೆ ಮಾತು ಹೋಯಿತು. ಮೌಲಾಸಾಬನ ತಮ್ಮ ಅವರನ್ನು ಹೇಗೋ ಸಮಾಧಾನ ಮಾಡಿದ. ಒಳಗೆ ಹೋಗಿ ಮದುಮಗಳ ಒಪ್ಪಿಗೆ ಕೇಳಿದವನೂ ಅವನೇ. ಹೊಲಿಸಿದ್ದು ಸುಮ್ಮನೆ ಯಾಕೆ ತೂಗಬೇಕು ಎಂದು ಅಣ್ಣನ ಶೇರವಾನಿಯನ್ನೇ ತೊಟ್ಟಿದ್ದನಂತೆ.

ಮುಚ್ಚಳ ಸಿಕ್ಕಿತು. ಎಲ್ಲ ಮುಗಿದ ಮೇಲೆ, ಒಗೆಯುವಲ್ಲಿಂದ ಬಂದ ಬೂಟಿನ ಚೀಲವೊಂದರ ಪಾದದಲ್ಲಿ. ತೆಗೆದವನ ಕೈಯಿಂದ ಜಾರಿ ಚೀಲದ ಅಗಲ ಬಾಯಿಯೊಳಗೆ ಬಿದ್ದಿರಬೇಕು. ಒಗೆತದಲ್ಲಿ ಕೆಂಪು ಸ್ವಲ್ಪ ಮಾಸಿತ್ತು. ಚೀಲ ಯಾರದು? ನಮ್ಮಿಬ್ಬರ ಅಳತೆಯದು. ರಾಕೆಟ್ಟು ಅಷ್ಟರೊಳಗೆ ಹಾರಿಹೋಗಿತ್ತು. ಅದು ಹಾರಿದಾಗ ನಾವಿಬ್ಬರೂ ಕ್ಯಾಂಟೀನಿನ ಮೆಟ್ಟಿಲ ಮೇಲೆ ಒರಗಿಕೊಂಡಿದ್ದೆವು. ನೆಲ ನಡುಗಿತು, ಕಣ್ಣು ತೆರೆಯುವಷ್ಟು ತ್ರಾಣ ಇರಲಿಲ್ಲ.

ಅಂದಿನಿಂದ ನಾನು ಆ ಹೆಬ್ಬೆರಳನ್ನು ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೋ. ಸಾಕ್ಷಿ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಂತೆ ಕೇಳಿದ್ದೇನೆ. ಅದು ಪ್ರತಿಸಲ ಹೌದು ಅನ್ನುತ್ತದೆ. ಅಷ್ಟು ಸುಲಭವಾಗಿ ಹೌದು ಅನ್ನುವುದರಿಂದಲೇ ನನಗೆ ಸಂಶಯ.

ದವಾಖಾನೆಯಿಂದ ಮೌಲಾಸಾಬ ನನ್ನನ್ನು ಸವಣೂರಿನ ಮನೆಗೆ ಕರೆದೊಯ್ದ. ಶಾಹಿನ್ ಹಾನಗಲ್ಲಿನಿಂದ ಬಂದಿದ್ದಳು. ಅವಳ ಮಗ ಅಜ್ಜನ ಚಪ್ಪಲಿ ತೊಟ್ಟು ಅಂಗಳದಲ್ಲಿ ಸದ್ದು ಮಾಡುತ್ತಿದ್ದ. ಕಣ್ಣಿಗೆ ಔಷಧದ ಹನಿ ಹಾಕುವ ಹೊತ್ತಾದಾಗ ಅವಳೇ ನನ್ನ ತಲೆಯನ್ನು ಗೋಡೆಗೆ ಒರಗಿಸಿದಳು. ಮಾತು ಮದುವೆಯ ಕಡೆಗೆ ಹೇಗೆ ಹೊರಳಿತೋ ಕಾಣೆ. ಬಹುಶಃ ನಾನೇ ಹೊರಳಿಸಿದೆ.

"ಎಲ್ಲಾರೂ ಅಬ್ಬಾ ಬಂದಿದ್ದಿಲ್ಲ ಅಂತಾರ, ಕಾಕಾ," ಅಂದಳು. "ನನ್ನ ಮಾರಿ ಮ್ಯಾಲ ಮುಸುಕಿತ್ತು. ಕೆಳಗ ಶೇರವಾನಿ ಅಂಚು ಕಂಡ್ತು, ನಾನ ಆರಿಸಿದ್ದ ಅರಿವಿ. ಅಬ್ಬಾ ಬಂದಾರ ಅಂತ ಧೈರ್ಯಾ ಬಂತು, ಕಬೂಲ್ ಅಂದೆ. ಆಮ್ಯಾಲ ಚಾಚಾ ಅಂತ ಗೊತ್ತಾತು. ಗೊತ್ತಾದ್ರೇನು, ನೆನಸಿದ್ರ ಅಬ್ಬಾನ ಕಾಣತಾರ."

ಮೌಲಾಸಾಬ ಒದ್ದೆ ಬಟ್ಟೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದ. ಒರೆಸಿದ ಎಲೆಯನ್ನೇ ಮತ್ತೆ ಒರೆಸಿದ.

"ನೀವು ಜೋಡಿ ಇದ್ದವ್ರು. ನೀವ ಹೇಳ್ರಿ ಕಾಕಾ, ಅವತ್ತು ಅಬ್ಬಾ ಎಲ್ಲಿದ್ರು?"

ಇಂಥ ಪ್ರಶ್ನೆಗೆ ನನ್ನಂಥ ಅನುಮಾನದವನ ಬಳಿ ಉದ್ದದ ಉತ್ತರ ಇರಬೇಕಿತ್ತು. ನೆನಪು ಮೋಸ ಮಾಡುತ್ತದೆ ಎಂದು ಶುರುಮಾಡುವ ಉತ್ತರ. ಆದರೆ ತಿರುಪಿನ ಮೇಲೆ ನಿಂತುಹೋದ ಮೌಲಾಸಾಬನ ಆ ಕೈ ಕಂಡಿತು.

"ನಮ್ಮ ಕಡೆ ಅಂತೂ ಇದ್ದಿಲ್ಲವ್ವಾ," ಅಂದೆ.

ಅವಳು ಔಷಧದ ಸೀಸೆ ಎತ್ತಿಕೊಂಡಳು. ಎರಡು ಬೆರಳಿನಿಂದ ನನ್ನ ರೆಪ್ಪೆ ಅಗಲಿಸಿ ಹನಿ ಬಿಟ್ಟಳು. ಕಣ್ಣು ಉರಿಯಿತು, ಮುಚ್ಚಿಕೊಂಡೆ. ಎಂದಿನಂತೆ ಕೆಂಪು ಮುಚ್ಚಳ ಬಂತು, ಅದನ್ನು ತಿರುಗಿಸುವ ಬೆರಳೂ ಬಂತು, ಬಿಳಿ ಕೈಗವಸಿನೊಳಗಿನ ಬೆರಳು. ಮೊದಲು ಬಿಗಿ, ಆಮೇಲೆ ಸಡಿಲು. ಕೈಗವಸು ಜಗ್ಗಿ ಯಾರದೆಂದು ನೋಡಲು ಇವತ್ತು ಹೋಗಲಿಲ್ಲ.